ಮುಂದಿನ ಸಾಲಿನ ಕುರ್ಚಿ

ನಾನು ಜಮಖಂಡಿಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಕಲಿಸುವುದು ಶಾಲೆಯ ಗೇಟಿನೊಳಗೆ ಮುಗಿದಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಬಸ್ಸಿನಲ್ಲಿ, ಮದುವೆಯ ಪಂಕ್ತಿಯಲ್ಲಿ, ಎಲ್ಲಿ ನಾಲ್ಕು ಜನ ಸಿಕ್ಕರೂ ನನ್ನ ಬಾಯಿ ಪಾಠ ಶುರುಮಾಡುತ್ತದೆ. "ಮಮ್ಮಿ ಪಿರಿಯಡ್ ತಗೊಳಾಕತ್ತಾಳ" ಎಂದು ನನ್ನ ಮಗಳು ಆಡಿಕೊಳ್ಳುತ್ತಾಳೆ. ಮೂರು ವರ್ಷದ ಹಿಂದಿನ ದೀಪಾವಳಿ ರಜೆಯಲ್ಲಿ ಇಡೀ ಒಂದು ದಿನ ಹಾಗೆ ಪಿರಿಯಡ್ ತೆಗೆದುಕೊಂಡೆ. ಆ ದಿನ ನೆನಪಾದಾಗಲೆಲ್ಲ, ಅಡುಗೆಮನೆಯಲ್ಲಿ ಒಬ್ಬಳೇ ಇದ್ದರೂ, ಮುಖ ಬಿಸಿಯಾಗುತ್ತದೆ.

ನನ್ನ ತವರು ಬನಹಟ್ಟಿ. ನೇಕಾರರ ಮನೆ. ಮುಂಭಾಗದಲ್ಲಿ ನಾಲ್ಕು ಕರೆಂಟಿನ ಮಗ್ಗ, ಹಿಂಭಾಗದಲ್ಲಿ ನಾವು. ಬೆಳಿಗ್ಗೆ ಕರೆಂಟು ಬಂತೆಂದರೆ ಲಾಳಿಯ ಹೊಡೆತ ಶುರು. ಆ ಸದ್ದಿನಲ್ಲಿ ಪಕ್ಕದಲ್ಲಿ ನಿಂತವರ ಮಾತೂ ಕೇಳುವುದಿಲ್ಲ. ಹಾಗಾಗಿ ನಮ್ಮಲ್ಲಿ ಮಗ್ಗದ ಮುಂದೆ ದನಿ ತೆಗೆದು ಮಾತಾಡುವ ರೂಢಿಯೇ ಇಲ್ಲ. ತುಟಿಯನ್ನಷ್ಟೇ ಅಗಲವಾಗಿ ಆಡಿಸುತ್ತೇವೆ, ಎದುರಿನವರು ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ಎರಡು ಬೆರಳು ಚಿಟಿಕೆ ಹೊಡೆದರೆ ಎಳೆ ಹರಿದಿದೆ ಎಂದರ್ಥ, ಹೆಬ್ಬೆರಳು ತುಟಿಗೆ ಇಟ್ಟರೆ ಚಹಾ. ಅಪ್ಪ ನಾಲ್ಕನೇ ಮಗ್ಗದ ಹತ್ತಿರ, ನಾನು ಬಾಗಿಲಲ್ಲಿ, ನಡುವೆ ಅಷ್ಟೂ ಗದ್ದಲ. ಆದರೂ ಶಾಲೆಯಲ್ಲಿ ಯಾರು ಯಾರಿಗೆ ಹೊಡೆದರು ಎಂಬ ಕಥೆಯನ್ನೆಲ್ಲ ನಾನು ಒಂದು ಚೂರು ದನಿಯಿಲ್ಲದೆ ಅವನಿಗೆ ಹೇಳಿ ಮುಗಿಸುತ್ತಿದ್ದೆ. ಅವನು ಅಲ್ಲಿಂದಲೇ ನಗುತ್ತಿದ್ದ. ಮಗ್ಗ ನಿಂತ ಮೇಲೆ ಮಾತ್ರ ನಮ್ಮ ಮನೆಯಲ್ಲಿ ಎಲ್ಲರೂ ಕಿರುಚುವವರೇ. ಮದುವೆಯಾದ ಹೊಸತರಲ್ಲಿ ನನ್ನ ಅತ್ತೆ, "ಯಾಕವ್ವಾ, ನಾ ಏನ್ ಹೊಲದಾಗ ನಿಂತೇನೇನು?" ಎಂದು ಕೇಳಿದ್ದರು. ಆಮೇಲೆ ನಾನು ದನಿ ಇಳಿಸಿದೆ. ತವರಿನವರ ದನಿಯ ಬಗ್ಗೆ ನಾಚಿಕೆ ಶುರುವಾದದ್ದೂ ಆಗಲೇ ಇರಬೇಕು.

ಅತ್ತೆ ಜಮಖಂಡಿಯಲ್ಲಿ ಕನ್ನಡ ಶಾಲೆಯ ಅಕ್ಕೋರಾಗಿ ನಿವೃತ್ತರಾದವರು. ಇಸ್ತ್ರಿ ಮಾಡಿದ ಸೀರೆ, ಅಳತೆ ಮಾಡಿದ ಮಾತು. ಅವರೆಂದೂ ನನ್ನ ತವರಿನವರನ್ನು ಹಗುರಾಗಿ ಕಂಡವರಲ್ಲ. ಆದರೆ ಅವರ ಎದುರು ಅಪ್ಪ-ಅವ್ವ ಇದ್ದಾಗ ನನಗೆ ಪರೀಕ್ಷೆಗೆ ಕೂತ ಹಾಗಾಗುತ್ತಿತ್ತು. ಅದು ನನ್ನದೇ ರೋಗ, ಅವರನ್ನು ದೂರಿ ಉಪಯೋಗವಿಲ್ಲ.

ದೀಪಾವಳಿ ಪಾಡ್ಯಕ್ಕೆ ಬನಹಟ್ಟಿಯಲ್ಲಿ ಮಗ್ಗಗಳಿಗೆ ಪೂಜೆ, ಎರಡು ದಿನ ಬಿಡುವು. ಆ ಬಿಡುವಿನಲ್ಲಿ ಎಲ್ಲರನ್ನೂ ಕರೆದುಕೊಂಡು ಒಂದು ದಿನದ ಪ್ರವಾಸ ಮಾಡಬೇಕೆಂದು ನಾನೇ ಹಟ ಹಿಡಿದೆ. ನಮ್ಮ ಮನೆಯವರು ಗಾಡಿ ಓಡಿಸುವುದು; ಅಪ್ಪ, ಅವ್ವ, ಅತ್ತೆ, ಆಗ ಐದನೆಯ ತರಗತಿಯಲ್ಲಿದ್ದ ಮಗಳು ಮತ್ತು ನಾನು. ಜಮಖಂಡಿಯ ಅರಮನೆ, ಬೀಳಗಿಯ ಹಳೆಯ ಬಾವಿ, ಮುಧೋಳದಲ್ಲಿ ರಾತ್ರಿಯ ಊಟ ಎಂದು ಒಂದು ಹಾಳೆಯಲ್ಲಿ ಟೈಮ್‌ಟೇಬಲ್ ಬರೆದು ಅಪ್ಪನಿಗೆ ತೋರಿಸಿದೆ. ಅವನು ಹಾಳೆಯನ್ನು ದೂರ ಹಿಡಿದು ಓದಿದ.

"ನನಗ ಅರಮನಿ-ಗಿರಮನಿ ಏನೂ ಬ್ಯಾಡ ಯವ್ವಾ. ಮುಧೋಳದಾಗ ನಾಟಕದ ಕಂಪನಿ ಬಂದೈತಂತ. ನಾ ಹರೇದಾಗ ನೋಡಿದ ನಾಟಕನ ಹಚ್ಚ್ಯಾರ. ಅದೊಂದ ತೋರಸು."

"ಆತು ತಗೋ, ಮಧ್ಯಾಹ್ನದ ಆಟಕ್ಕ ಹೋಗೂಣು," ಎಂದೆ.

"ಆದರ ಮುಂದಿನ ಸಾಲಿನ್ಯಾಗ ಕೂಡ್ರಸು. ಒಟ್ಟ ಮುಂದಿನ ಕುರ್ಚೀನ ಆಗಬೇಕು ನೋಡು."

ಅಪ್ಪ ನನ್ನ ಹತ್ತಿರ ಏನನ್ನೂ ಕೇಳಿದವನಲ್ಲ. ಅವನಿಗೆ ಸೀರೆ ನೇಯುವುದು ಬಿಟ್ಟರೆ ಜೀವನದಲ್ಲಿ ಇದ್ದ ಒಂದೇ ಖಯಾಲಿ ಕಂಪನಿ ನಾಟಕ. ಮದುವೆಗೆ ಮುಂಚೆ ರಬಕವಿಯಲ್ಲಿ ಯಾವುದೋ ಕಂಪನಿ ಕ್ಯಾಂಪು ಹಾಕಿದಾಗ ಇದೇ ನಾಟಕವನ್ನು ಮೇಲಿಂದ ಮೇಲೆ ನೋಡಿದ್ದನಂತೆ. ಅದರಲ್ಲಿ ಅಣ್ಣನ ಪಾತ್ರದ ಮಾತುಗಳು ಅವನಿಗೆ ಬಾಯಿಪಾಠ. ಜಗಳವಾಡಿ ಮನೆ ಬಿಟ್ಟು ಹೊರಟ ತಮ್ಮನಿಗೆ ಅಣ್ಣ ಹೇಳುವ ಮಾತೊಂದಿತ್ತು: "ಹೊಸ್ತಿಲಾ ದಾಟತೀಯೇನೋ ತಮ್ಮಾ, ದಾಟು. ನಾ ಅಡ್ಡ ಬರಂಗಿಲ್ಲ. ಆದರ ಉಂಡು ದಾಟು." ನಾವು ಚಿಕ್ಕವರಿದ್ದಾಗ ಊಟ ಬಿಟ್ಟು ಸಿಟ್ಟಿನಿಂದ ಎದ್ದರೆ ಅಪ್ಪ ಎದೆಯ ಮೇಲೆ ಕೈಯಿಟ್ಟು ಇದನ್ನೇ ಹೇಳುತ್ತಿದ್ದ. ನಗು ಬಂದು ಮತ್ತೆ ತಾಟಿನ ಮುಂದೆ ಕೂಡುತ್ತಿದ್ದೆವು.

"ಆತಪಾ, ಮುಂದ ಕೂಡ್ರಸ್ತೇನಿ," ಎಂದು ಮಾತು ಕೊಟ್ಟೆ.

ಪ್ರವಾಸದ ದಿನ ಬೆಳಿಗ್ಗೆಯೇ ಅಪ್ಪ-ಅವ್ವ ಬನಹಟ್ಟಿಯಿಂದ ಜಮಖಂಡಿಗೆ ಬಂದರು. ಅಪ್ಪ ಬಿಳಿ ಅಂಗಿ, ಬಿಳಿ ಧೋತರ, ತಲೆಗೆ ಟೋಪಿ. ಕಿಸೆಯಲ್ಲಿ ಅತ್ತರು ಹಚ್ಚಿದ ಕರವಸ್ತ್ರ. ನಾಟಕಕ್ಕೆ ಹೋಗುವ ಹಳೆಯ ಪೋಷಾಕು. ಹೋಟೆಲಿನಲ್ಲಿ ಚುರಮುರಿ ಸೂಸಲಾ, ಮಿರ್ಚಿ ಭಜಿ ತಿಂದೆವು. ಮಾಣಿ ಹಿಂದಿನಿಂದ ಬಂದು ಅಪ್ಪನ ಹೆಗಲ ಮೇಲಿಂದ, "ಚಹಾ ತರಲ್ರಿ, ಕಾಫೀನ್ರಿ?" ಎಂದ. ಅಪ್ಪ ಭಜಿ ಮುರಿಯುತ್ತ ಕೂತೇ ಇದ್ದ. ಮಾಣಿ ಮತ್ತೆ ಕೇಳಿದ. "ಅವರಿಗೂ ಚಹಾನ ತಾ," ಎಂದು ನಾನು ಹೇಳಿದೆ. ಅಪ್ಪನ ಲಕ್ಷ್ಯ ಆಗಲೇ ನಾಟಕದ ಮೇಲೆ ಹೋಗಿದೆ ಎಂದು ಅವನ ಮೊಮ್ಮಗಳು ನಕ್ಕಳು. ನಾವೆಲ್ಲ ನಕ್ಕೆವು. ನಮ್ಮನ್ನು ನೋಡಿ ಅಪ್ಪನೂ ನಕ್ಕ.

ಗುಡ್ಡದ ಮೇಲಿನ ಅರಮನೆಯ ಹತ್ತಿರ ನನ್ನ ಪಾಠ ಶುರುವಾಯಿತು. ಸಂಸ್ಥಾನವೆಂದರೇನು, ಬ್ರಿಟಿಷರ ಕಾಲದಲ್ಲಿ ಅದಕ್ಕೆ ಯಾವ ಅಧಿಕಾರವಿತ್ತು, ಯಾವುದು ಇರಲಿಲ್ಲ, ಎಲ್ಲವನ್ನೂ ಹೇಳುತ್ತ ಮುಂದೆ ಮುಂದೆ ನಡೆದೆ. ಬೆನ್ನು ಅವರ ಕಡೆ, ಮುಖ ಕಮಾನಿನ ಕಡೆ. ಅತ್ತೆ ನಡುನಡುವೆ ತಮಗೆ ತಿಳಿದದ್ದನ್ನು ಸೇರಿಸುತ್ತಿದ್ದರು. ಅಪ್ಪ ಕೈ ಹಿಂದೆ ಕಟ್ಟಿಕೊಂಡು ತಲೆಯಾಡಿಸುತ್ತ ಬರುತ್ತಿದ್ದ. ಕಟ್ಟೆಯ ಮೇಲೆ ಕೂತಾಗ ನನ್ನೊಳಗಿನ ಅಕ್ಕೋರು ಸುಮ್ಮನಿರಬೇಕಲ್ಲ.

"ಹೇಳಪಾ, ಈಗ ನಾ ಏನ್ ಹೇಳಿದೆ?"

ಅಪ್ಪ ಅತ್ತ ಇತ್ತ ನೋಡಿ, "ಗಾಳಿ ಛಲೋ ಬರಾಕತ್ತೈತಿ," ಎಂದ.

ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಜ್ಜಾ ನಾಪಾಸು!" ಎಂದು ಚಪ್ಪಾಳೆ ತಟ್ಟಿದಳು. ನಾನೂ ನಗುತ್ತ, ಕೊನೆಯ ಬೆಂಚಿನ ಹುಡುಗರಿಗೆ ಹೇಳುವಂತೆ, "ಲಕ್ಷ್ಯ ಇಲ್ಲ ನಿನಗ," ಎಂದೆ. ಅವ್ವ ಮಾತ್ರ ನಗಲಿಲ್ಲ. ಅಪ್ಪನ ಟೋಪಿಯ ಮೇಲೆ ಬಿದ್ದಿದ್ದ ಎಲೆಯೊಂದನ್ನು ತೆಗೆದು ಹಾಕಿದಳು. ಅವಳಿಗೆ ಮೊಣಕಾಲು ನೋಯುತ್ತಿರಬೇಕೆಂದು ನಾನು ಅಂದುಕೊಂಡೆ.

ಬೀಳಗಿಯಲ್ಲಿ ಹಳೆಯ ಬಾವಿಯ ಕಲ್ಲಿನ ಮೆಟ್ಟಿಲು ಇಳಿಯುವಾಗಲೂ ಅದೇ ಕಥೆ. ನಾನು ಕೆಳಗಿನ ಮೆಟ್ಟಿಲಲ್ಲಿ ನಿಂತು ಕಲ್ಲಿನ ಕೆಲಸ ತೋರಿಸುತ್ತಿದ್ದೆ, ಅಪ್ಪ ಮೇಲಿನ ಮೆಟ್ಟಿಲಲ್ಲಿ ಕೂತು ಗೋಡೆಯ ಕಲ್ಲನ್ನು ಬೆರಳಿನಿಂದ ಸವರುತ್ತಿದ್ದ. ಬಟ್ಟೆಯ ಕಿನಾರೆ ನೋಡುವಾಗ ಹೀಗೆಯೇ ಹೆಬ್ಬೆರಳು ಆಡಿಸುತ್ತಾನೆ. ಫೋಟೊ ತೆಗೆದೆ. ಆ ಫೋಟೊದಲ್ಲಿ ನಾವೆಲ್ಲ ಕ್ಯಾಮೆರಾ ನೋಡುತ್ತಿದ್ದೇವೆ, ಅವನೊಬ್ಬ ನನ್ನ ಬಾಯಿ ನೋಡುತ್ತಿದ್ದಾನೆ. ಅದು ನನ್ನ ಕಣ್ಣಿಗೆ ಬಿದ್ದದ್ದು ಬಹಳ ದಿನ ಕಳೆದ ಮೇಲೆ.

ಬಾಡಗಂಡಿ ದಾಟಿದ ಮೇಲೆ ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರುಗಳು. ಒಂದೊಂದಕ್ಕೂ ಎರಡೆರಡು ಟ್ರೇಲರು, ಕಿವಿ ಹರಿಯುವ ಹಾಡು. ಹಿಂದಿಕ್ಕಲು ಜಾಗವಿಲ್ಲ. ನಮ್ಮ ಮನೆಯವರು ಸಿಡಿಮಿಡಿಗೊಳ್ಳುತ್ತಿದ್ದರು. ಅಪ್ಪ ಲೋಕಾಪುರ ಬರುವವರೆಗೆ ಮೂರು ಸಲ ಹೊತ್ತು ಎಷ್ಟಾಯಿತೆಂದು ಕೇಳಿದ. ಮೂರನೆಯ ಸಲ ಮುಂದಿನ ಸೀಟಿನಲ್ಲಿದ್ದ ಅವ್ವ ಹಿಂದಕ್ಕೆ ತಿರುಗಿ, ಅವನ ಮುಖಕ್ಕೆ ಮುಖ ಕೊಟ್ಟು, "ಸಿಗತೈತಿ. ಗಡಬಡಿ ಬ್ಯಾಡ," ಎಂದಳು. ಆಗ ಸುಮ್ಮನಾದ.

ಮುಧೋಳ ಮುಟ್ಟಿದಾಗ ಆಟ ಶುರುವಾಗಲು ಇನ್ನೂ ಸಮಯವಿತ್ತು. ಬಯಲಿನಲ್ಲಿ ತಗಡಿನ ಗೋಡೆ, ಮೇಲೆ ತಾಡಪತ್ರಿ, ಬಾಗಿಲಿಗೆ ನಟನಟಿಯರ ದೊಡ್ಡ ದೊಡ್ಡ ಚಿತ್ರ. ಅಪ್ಪನ ನಡಿಗೆಯೇ ಬದಲಾಯಿತು. ಧೋತರದ ಚುಂಗು ಹಿಡಿದು ಎಲ್ಲರಿಗಿಂತ ಮುಂದೆ ಹೋಗಿ ಟಿಕೆಟ್ಟಿನ ಕಿಟಕಿಯ ಹತ್ತಿರ ನಿಂತ. ನಾನು ಹಿಂದಿನಿಂದ ಹೋಗಿ ಒಳಗೆ ಇಣುಕಿ ನೋಡಿದೆ. ಮುಂದಿನ ಸಾಲಿನಲ್ಲಿ ಸೋಫಾ, ಕುರ್ಚಿ. ಅಲ್ಲಿ ಆಗಲೇ ಕೆಲವರು ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದರು. ಬಾಯಿ ತುಂಬ ಎಲೆಯಡಿಕೆ. ಅವರು ಯಾವ ತರಹದ ಜನ, ಹಾಸ್ಯದ ನಟಿ ಕುಣಿಯಲು ಬಂದಾಗ ಏನೆಂದು ಕೂಗುತ್ತಾರೆ, ಯಾರು ಸಿಳ್ಳೆ ಹೊಡೆಯುತ್ತಾರೆ, ಯಾರು ಎದ್ದು ನೋಟು ತೋರಿಸುತ್ತಾರೆ, ಎಲ್ಲ ನನಗೆ ಕೇಳಿ ಗೊತ್ತಿತ್ತು. ಅವರ ನಡುವೆ ನನ್ನ ಅತ್ತೆಯನ್ನು ಕೂಡಿಸುವುದೇ? ಹಿಂದಿನ ಭಾಗದಲ್ಲಿ ಹೆಣ್ಣುಮಕ್ಕಳು, ಸಂಸಾರಸ್ಥರು ಕೂತಿದ್ದರು.

"ಮುಂದ ಆರು ಖಾಲಿ ಅದಾವ್ರಿ ಅಕ್ಕಾರ, ಹರೀಲ್ಯಾ?" ಎಂದ ಟಿಕೆಟ್ಟಿನವನು, ಟಿಕೆಟ್ಟಿನ ಪುಸ್ತಕದ ಮೇಲೆ ಕೈಯಿಟ್ಟು.

ಅಪ್ಪ ಕಿಟಕಿಯೊಳಗೆ ಅವನ ಬಾಯಿಯನ್ನೇ ನೋಡುತ್ತಿದ್ದ. "ಹರಿ, ಹರಿ!" ಎಂದ, ಅವನ ಮಗ್ಗದ ದನಿಯಲ್ಲಿ. ಸಾಲಿನಲ್ಲಿದ್ದವರು ತಿರುಗಿ ನೋಡಿದರು. ಅತ್ತೆ ಸೆರಗು ಸರಿಮಾಡಿಕೊಂಡರು. ಈಗ ಯೋಚಿಸಿದರೆ ಅದು ಗಾಳಿಗೆ ಜಾರಿದ ಸೆರಗೇ ಇರಬೇಕು. ಆಗ ನನಗೆ ಹಾಗೆನಿಸಲಿಲ್ಲ.

"ಬ್ಯಾಡ್ರಿ. ಹಿಂದ ಹೆಣ್ಣಮಕ್ಕಳ ಕಡೆ ಕೊಡ್ರಿ," ಎಂದೆ.

ಅಪ್ಪ ನನ್ನ ಕಡೆ ತಿರುಗಿದ. "ಮುಂದ ಅಂದಿದ್ದೆಲಾ ಯವ್ವಾ."

"ಅತ್ತಿ ಅದಾರಪಾ. ಅಲ್ಲೆ ಎಂಥೆಂಥಾ ಮಂದಿ ಕುಂತಾರ ನೋಡು. ವಯಸ್ಸಾದಮ್ಯಾಲೆ ಮುಂದ ಕುಂತು ಕುಣಿತ ನೋಡಿದರ ನಾಲ್ಕ ಮಂದಿ ಏನಂತಾರ?"

ಇದನ್ನು ನಾನು ನಗುತ್ತಲೇ ಹೇಳಿದೆ. ಆದರೆ ಹೇಳಿದ್ದು ಹೇಳಿದ್ದೇ. ಅರವತ್ತು ದಾಟಿದ ಅಪ್ಪನಿಗೆ, ಅವ್ವನ ಎದುರಿಗೆ, ಮುಂದಿನ ಕುರ್ಚಿ ಬೇಕಾದದ್ದು ಕುಣಿಯುವವಳನ್ನು ನೋಡಲಿಕ್ಕೆ ಎಂಬ ಅರ್ಥದಲ್ಲಿ ಹೇಳಿದೆ. ಅಪ್ಪನ ಮುಖ ಸಪ್ಪಗಾಯಿತು. "ಆತು," ಎಂದ. ಅವ್ವ ಏನೋ ಹೇಳಲು ಬಾಯಿ ತೆರೆದಳು, ಅಪ್ಪ ಕೈ ಅಡ್ಡ ಮಾಡಿದ. ಮಗ್ಗದ ಮನೆಯಲ್ಲಿ ಆ ಸನ್ನೆಗೆ 'ನಿಲ್ಲಿಸು' ಎಂದರ್ಥ. ನನಗೂ ಆ ಸನ್ನೆ ಗೊತ್ತಿತ್ತು. ಯಾಕೆ ಮಾಡಿದ ಎಂದು ಕೇಳುವಷ್ಟು ಪುರಸೊತ್ತು ನನಗಿರಲಿಲ್ಲ.

ಕೊನೆಯಿಂದ ಮೂರನೆಯ ಸಾಲಿನಲ್ಲಿ ಕೂತೆವು. ರಂಗದ ಮೇಲಿನವರ ಮುಖ ಅಂಗೈಯಷ್ಟು ಕಾಣುತ್ತಿತ್ತು. ನಾಟಕ ಶುರುವಾಯಿತು. ಅಪ್ಪ ಕುರ್ಚಿಯ ತುದಿಗೆ ಬಂದು, ಎರಡೂ ಕೈ ಮೊಣಕಾಲ ಮೇಲಿಟ್ಟು, ಕಣ್ಣು ಕಿರಿದು ಮಾಡಿ ನೋಡತೊಡಗಿದ. ಎಲ್ಲರೂ ನಕ್ಕಾಗ ನಗುತ್ತಿದ್ದ. ಮೊದಲು ಅಕ್ಕಪಕ್ಕದವರ ಮುಖ ನೋಡುವನು, ಆಮೇಲೆ ತಲೆ ಹಿಂದಕ್ಕೆ ಹಾಕಿ ತೊಡೆ ತಟ್ಟಿ ನಗುವನು. ಮಂದಿಯ ನಗು ಇಳಿಯುವ ಹೊತ್ತಿಗೆ ಅವನದು ಏರುತ್ತಿತ್ತು. ಅಪ್ಪ ಖುಷಿಯಾಗಿದ್ದಾನೆ, ಸದ್ಯ ಸಿಟ್ಟು ಇಳಿಯಿತು ಎಂದು ನಾನು ಸಮಾಧಾನ ಪಟ್ಟುಕೊಂಡೆ.

ಸ್ವಲ್ಪ ಹೊತ್ತಿಗೆ ಅವನು ನನ್ನ ಮೊಣಕೈ ತಿವಿದ. "ಯಾಕ ನಕ್ಕರು? ಅಲ್ಲೆ ನಗೂ ಮಾತ ಇರಲಿಲ್ಲಲಾ ಮೊದಲ?"

ಹಳೆಯ ನಾಟಕಕ್ಕೆ ಈಗಿನವರು ಹೊಸ ಹಾಸ್ಯ ಸೇರಿಸಿದ್ದರು. ಅವನಿಗೆ ಬಾಯಿಪಾಠವಿದ್ದ ಮಾತುಗಳ ನಡುವೆ ಅವನಿಗೆ ಗೊತ್ತಿಲ್ಲದ ಮಾತುಗಳು ಬಂದಿದ್ದವು. ಹಾಸ್ಯದವನು ಬಾಗಿಲಲ್ಲಿ ನಿಂತು ಏನೋ ಅಂದ, ಥೇಟರೇ ಎದ್ದು ಕುಣಿಯುವಷ್ಟು ನಗು. "ಏನಂದಾ? ಏನಂದಾ ಅವ?" ಅಪ್ಪ ಮತ್ತೆ ಕೇಳಿದ, ಜೋರಾಗಿ. ಮುಂದಿನ ಸಾಲಿನ ಹೆಂಗಸು ತಿರುಗಿ ನೋಡಿದಳು. ನಾನು ಆಗ ಅತ್ತೆಯ ಮುಖ ನೋಡುತ್ತಿದ್ದೆ, ಆ ಹಾಸ್ಯ ಅವರಿಗೆ ಅಸಹ್ಯವಾಯಿತೋ ಹೇಗೋ ಎಂದು. ಅವನ ಕಡೆ ತಿರುಗದೆಯೇ, "ಆಮ್ಯಾಲೆ ಹೇಳ್ತೇನಿ," ಎಂದೆ. ಕೇಳಿಸಲಿಲ್ಲವೆಂದು ಅವ್ವನ ಕಡೆ ವಾಲಿದ. ಅವಳು ಕತ್ತಲಲ್ಲಿ ಅವನಿಗೆ ಏನೋ ಸನ್ನೆ ಮಾಡಿದಳು.

ಆಮೇಲೆ ಅಣ್ಣ-ತಮ್ಮಂದಿರ ಜಗಳದ ದೃಶ್ಯ ಬಂತು. ತಮ್ಮ ಗಂಟು ಕಟ್ಟಿಕೊಂಡು ಬಾಗಿಲಿಗೆ ಬಂದ. ಅಣ್ಣ ಎದೆಯ ಮೇಲೆ ಕೈಯಿಟ್ಟ. ಥೇಟರು ಒಮ್ಮೆಲೇ ಮೌನವಾಯಿತು. ಅಣ್ಣನ ಪಾತ್ರದವನು ಒಳ್ಳೆಯ ನಟ, ಮಾತಾಡುವ ಮುಂಚೆ ಬೇಕೆಂದೇ ಸುಮ್ಮನೆ ನಿಂತ. ಆ ಮೌನದಲ್ಲಿ ನಮ್ಮ ಸಾಲಿನಿಂದ ದನಿಯೊಂದು ಎದ್ದಿತು, ನಾಲ್ಕು ಮಗ್ಗದ ಸದ್ದನ್ನು ದಾಟಲಿಕ್ಕೆ ಕಲಿತ ದನಿ.

"ಹೊಸ್ತಿಲಾ ದಾಟತೀಯೇನೋ ತಮ್ಮಾ, ದಾಟು! ನಾ ಅಡ್ಡ ಬರಂಗಿಲ್ಲ!"

ಇಡೀ ಥೇಟರು ಹಿಂದಕ್ಕೆ ತಿರುಗಿತು. ಯಾರೋ ಸಿಳ್ಳೆ ಹೊಡೆದರು. "ಅಜ್ಜಗ ಪಾರ್ಟ್ ಕೊಡ್ರೋ!" ಎಂದು ಮುಂದಿನಿಂದ ಒಬ್ಬ ಕೂಗಿದ. ನಗು ಶುರುವಾಯಿತು. ರಂಗದ ಮೇಲಿನ ಅಣ್ಣ ಕೈ ಎದೆಯ ಮೇಲೆ ಇಟ್ಟುಕೊಂಡೇ ನಿಂತಿದ್ದ. ಅಪ್ಪನಿಗೆ ಏನಾಯಿತೆಂದೇ ತಿಳಿಯಲಿಲ್ಲ. ನಟ ಮಾತು ಶುರುಮಾಡಿದ್ದಾನೆ, ತಾನು ಮೆಲ್ಲಗೆ ಅವನ ಜೊತೆ ಹೇಳುತ್ತಿದ್ದೇನೆ ಎಂದುಕೊಂಡಿದ್ದ. ಎಲ್ಲರೂ ನಗುವುದನ್ನು ನೋಡಿ, ತಲೆ ಹಿಂದಕ್ಕೆ ಹಾಕಿ, ತೊಡೆ ತಟ್ಟಿ, ತಾನೂ ನಕ್ಕ.

ನಾನು ಅವನ ಭುಜ ಹಿಡಿದು ನನ್ನ ಕಡೆ ತಿರುಗಿಸಿದೆ. ರಂಗದ ಬೆಳಕು ನನ್ನ ಮುಖದ ಮೇಲಿತ್ತು. ದನಿ ತೆಗೆದರೆ ಮಂದಿ ಕೇಳುತ್ತಾರೆಂದು, ಮಗ್ಗದ ಮನೆಯಲ್ಲಿ ಆಡಿಸುವ ಹಾಗೆ ತುಟಿಯನ್ನಷ್ಟೇ ಅಗಲವಾಗಿ ಆಡಿಸಿ ಹೇಳಿದೆ.

"ಬಾಯಿ ಮುಚಗೊಂಡು ಕೂಡ್ರು. ನನ್ನ ಮಾನಾ ಕಳೀಬ್ಯಾಡ."

ಅಪ್ಪ ನನ್ನ ತುಟಿಯನ್ನೇ ನೋಡಿದ. ನಿಧಾನವಾಗಿ ಹಿಂದಕ್ಕೆ ಸರಿದು ಕುರ್ಚಿಗೆ ಒರಗಿ ಕೂತ. ಆಮೇಲೆ ನಾಟಕ ಮುಗಿಯುವವರೆಗೆ ನಗಲಿಲ್ಲ. ಕಿಸೆಯಿಂದ ಅತ್ತರಿನ ಕರವಸ್ತ್ರ ತೆಗೆದು ಮಡಿಸುತ್ತ, ಬಿಚ್ಚುತ್ತ ಕೂತಿದ್ದ.

ಸಂಜೆ ಖಾನಾವಳಿಯಲ್ಲಿ ಊಟ. ಬಿಸಿ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಅತ್ತೆ ಬಹಳ ಖುಷಿಯಲ್ಲಿದ್ದರು. "ಬೀಗರ, ನಿಮ್ಮ ಮಾತು ಆ ನಟನಕಿಂತಾ ಛಲೋ ಬಂತರಿ," ಎಂದರು. ಅವರ ಮಾತಿನಲ್ಲಿ ಕುಹಕ ಇರಲಿಲ್ಲ, ಈಗ ಅದು ನನಗೆ ಚೆನ್ನಾಗಿ ಗೊತ್ತು. ಅಪ್ಪ ತಾಟು ನೋಡುತ್ತ ರೊಟ್ಟಿ ಮುರಿಯುತ್ತಿದ್ದ. ಬಡಿಸುವವನು "ಇನ್ನೊಂದ ರೊಟ್ಟಿ ಹಾಕಲ್ರಿ?" ಎಂದಾಗಲೂ ಮುಖ ಎತ್ತಲಿಲ್ಲ. "ಅವರಿಗೆ ಸಾಕು," ಎಂದೆ ನಾನು, ಬೆಳಗಿನ ಹಾಗೆಯೇ. ಒಂದೇ ರೊಟ್ಟಿ ತಿಂದು ಅಪ್ಪ ಕೈ ತೊಳೆಯಲು ಎದ್ದ. ಉಂಡು ದಾಟು ಎಂದು ಹೇಳಿ ನಮ್ಮನ್ನು ತಾಟಿನ ಮುಂದೆ ಕೂಡಿಸಿದವನು ಅರ್ಧ ಊಟಕ್ಕೆ ಎದ್ದ. ಹಟ ಮಾಡುತ್ತಿದ್ದಾನೆ, ಮಾಡಲಿ ಎಂದು ನಾನು ಎರಡನೆಯ ಸಲ ಎಣ್ಣೆಗಾಯಿ ಹಾಕಿಸಿಕೊಂಡೆ. ನಾಲ್ಕು ಸಲ ಬೆರಳು ಚೀಪಿದ್ದೂ ನೆನಪಿದೆ.

ಆ ರಾತ್ರಿ ಅತ್ತೆ ಮತ್ತು ನಮ್ಮ ಮನೆಯವರು ಜಮಖಂಡಿಗೆ ಹೋದರು, ನಾನು ಮಗಳನ್ನು ಕರೆದುಕೊಂಡು ತವರಿನಲ್ಲಿ ಉಳಿದೆ. ಮರುದಿನ ಬೆಳಿಗ್ಗೆ ಮಗ್ಗ ಶುರುವಾದವು. ಚಹಾ ಒಯ್ದು ಬಾಗಿಲಲ್ಲಿ ನಿಂತು ಹೆಬ್ಬೆರಳು ತುಟಿಗೆ ಇಟ್ಟೆ. ಅಪ್ಪ ನಾಲ್ಕನೆಯ ಮಗ್ಗದ ಹತ್ತಿರದಿಂದಲೇ 'ಬಂದೆ' ಎಂದು ತುಟಿ ಆಡಿಸಿದ. ಅವನಿಗೆ ಸಿಟ್ಟಿಲ್ಲ ಎಂದು ಹಗುರಾಯಿತು. ಅಷ್ಟರಲ್ಲಿ ಕರೆಂಟು ಹೋಯಿತು. ನಾಲ್ಕೂ ಮಗ್ಗ ಒಮ್ಮೆಲೇ ನಿಂತವು. ಮನೆ ತುಂಬ ಮೌನ. ಅಪ್ಪ ಬೆನ್ನು ತಿರುಗಿಸಿ ಎಳೆ ನೋಡುತ್ತಿದ್ದ.

"ಅಪ್ಪಾ, ಚಹಾ ಆರತೈತಿ," ಎಂದೆ.

ತಿರುಗಲಿಲ್ಲ. ಇನ್ನೂ ಹತ್ತಿರ ಹೋಗಿ, "ಅಪ್ಪಾ," ಎಂದೆ. ತಿರುಗಲಿಲ್ಲ. ನಮ್ಮಿಬ್ಬರ ನಡುವೆ ಮೂರು ಮಾರು ಸಹ ಇರಲಿಲ್ಲ. ಒಂದು ಗುಬ್ಬಿ ಚಿವ್ ಅಂದದ್ದು ಕೇಳುವಷ್ಟು ಶಾಂತವಿತ್ತು. ನನಗೆ ರೇಗಿತು. "ಇನ್ನೂ ಸಿಟ್ಟೇನು? ಸಣ್ಣ ಹುಡುಗರಂಗ!" ಎಂದು ಬೆನ್ನಿಗೆ ಕೂಗಿದೆ.

ಹಿಂದಿನಿಂದ ಅವ್ವ ಬಂದಳು. ಕೈಯಲ್ಲಿ ನೂಲು ಸುತ್ತಿದ ಕಂಡಿಕೆಗಳ ಬುಟ್ಟಿ. ಅದನ್ನು ಕೆಳಗಿಟ್ಟು ನನ್ನ ರಟ್ಟೆ ಹಿಡಿದು ಹೊರಗೆ ಪಡಸಾಲೆಗೆ ಎಳೆದುಕೊಂಡು ಹೋದಳು.

"ಬೆನ್ನಿಗೆ ಯಾಕ ಒದರತಿ? ಮುಂದ ಹೋಗಿ ನಿಂತು ಹೇಳು. ಬಾಯಿ ಕಾಣಬೇಕು ಅವರಿಗೆ."

"ಅಂದರ?"

"ಅಂದರೇನು? ಕಿವಿ ಹೋಗಿ ನಾಲ್ಕೈದ ವರ್ಷ ಆತು. ಮಗ್ಗದ ಮುಂದ ಕುಂತವರಿಗೆ ಇದೇನ್ ಹೊಸಾದ ಅಲ್ಲ. ಬಾಯಿ ಕಂಡರ ಎಲ್ಲಾ ತಿಳೀತೈತಿ. ಬಾಯಿ ಕಾಣಲಿಲ್ಲ ಅಂದರ ಏನೂ ಇಲ್ಲ."

ನಾನು ನಿಂತಲ್ಲೇ ಕೂತೆ. ನಾಲ್ಕೈದು ವರ್ಷ! ಆ ವರ್ಷಗಳಲ್ಲಿ ನಾನು ಎಷ್ಟು ಸಲ ಬಂದಿದ್ದೇನೆ, ಎಷ್ಟು ಮಾತಾಡಿದ್ದೇನೆ. ಬಂದಾಗಲೆಲ್ಲ ಮಗ್ಗ ನಡೆಯುತ್ತಿರುತ್ತಿದ್ದವು, ನಾವು ತುಟಿಯಿಂದಲೇ ಮಾತಾಡುತ್ತಿದ್ದೆವು. ಉಳಿದ ಹೊತ್ತು ಎಲ್ಲರೂ ಎದುರುಬದುರು ಕೂತು ಕಿರುಚುವವರು. ಬೇರೆ ಯಾರ ಮನೆಯಲ್ಲಾದರೂ ಒಂದೇ ತಿಂಗಳಿಗೆ ಗೊತ್ತಾಗುತ್ತಿತ್ತು. ನಮ್ಮ ಮನೆಯಲ್ಲಿ ಕಿವಿ ಕೇಳುವವರೂ ಕೇಳದವರೂ ಒಂದೇ ತರಹ ಬದುಕುತ್ತಾರೆ. ಫೋನು ಮಾಡಿದರೆ ಅಪ್ಪ "ಅವ್ವನ ಕಡೆ ಕೊಡ್ತೇನಿ" ಎಂದು ತಕ್ಷಣ ದಾಟಿಸುತ್ತಿದ್ದ. ಗಂಡಸರಿಗೆ ಫೋನೆಂದರೆ ಬೇಸರ ಎಂದು ನಾನೇ ಅರ್ಥ ಹಚ್ಚಿದ್ದೆ.

"ನನಗ ಯಾಕ ಹೇಳಲಿಲ್ಲ ಅವ್ವಾ?"

"ಹೇಳಬ್ಯಾಡ ಅಂದಿದ್ರು. ನೀ ಚಿಂತಿ ಮಾಡ್ತಿ, ದವಾಖಾನಿ ಅಂತ ಕುಣೀತಿ ಅಂತ. ಮುಂದಿನ ಕುರ್ಚಿ ಯಾಕ ಕೇಳಿದ್ರು ಅಂತ ತಿಳದಿ? ಮುಂದ ಕುಂತರ ನಟರ ತುಟಿ ಕಾಣತಾವು. ಮಾತು ಮೊದಲ ಬಾಯಿಪಾಠ ಅದಾವು, ತುಟಿ ನೋಡಿದರ ಸಾಕು, ಪೂರಾ ನಾಟಕ ಕೇಳಿದಂಗ ಆಕ್ಕೈತಿ ಅಂತ ವಾರಗಟ್ಟಲೆ ಹೇಳಾಕತ್ತಿದ್ರು. ಇನ್ನೊಂದ ವರ್ಷ ಬಿಟ್ಟರ ಕಣ್ಣೂ ಮಂಜ ಆದರ ಹ್ಯಾಂಗ, ಈಗ ನೋಡಿಬಿಡ್ತೇನಿ ಅಂದಿದ್ರು."

ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಅವ್ವನಿಗೆ ನನ್ನ ಮೇಲೆ ಕರುಣೆ ಬರಲಿಲ್ಲ. ಬರಬಾರದಿತ್ತು.

"ನಿನ್ನೆ ಅಷ್ಟ ಹೊತ್ತಿನ್ಯಾಗ ಅವರಿಗೆ ಪೂರಾ ತಿಳಿದದ್ದು ಒಂದ ಮಾತು. ನಿಂದು. ಬೆಳಕು ನಿನ್ನ ಮಾರಿ ಮ್ಯಾಲೆ ಇತ್ತು."

ಹೇಳಿ ಅವ್ವ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ತಪ್ಪಾಯಿತೆಂದು ಅಪ್ಪನಿಗೆ ಹೇಳಬೇಕಿತ್ತು. ಆದರೆ ಅವನು ನನ್ನಿಂದ ಮುಚ್ಚಿಟ್ಟದ್ದನ್ನು ನಾನು ತಿಳಿದುಕೊಂಡಿದ್ದೇನೆ ಎಂದು ಹೇಳದೆ ತಪ್ಪು ಒಪ್ಪಿಕೊಳ್ಳುವುದು ಹೇಗೆ? ನನಗೆ ಕಂಡ ದಾರಿ ಒಂದೇ. ಮುಂದಿನ ಭಾನುವಾರ ಯಾರಿಗೂ ಹೇಳದೆ ಬಸ್ಸು ಹತ್ತಿ ಮುಧೋಳಕ್ಕೆ ಹೋದೆ, ಮುಂದಿನ ಸಾಲಿನ ಎರಡು ಟಿಕೆಟ್ಟು ತರಲಿಕ್ಕೆ. ಬಯಲು ಖಾಲಿಯಾಗಿತ್ತು. ಕಂಬ ಹುಗಿದ ತೆಗ್ಗುಗಳು, ಎಲೆಯಡಿಕೆ ಉಗುಳಿದ ಕಲೆ, ಅಲ್ಲಲ್ಲಿ ಸುತಳಿಯ ತುಂಡು. ಪಕ್ಕದ ಚಹಾದ ಅಂಗಡಿಯವನು, "ಮೊನ್ನೇನ ಎದ್ದರ್ರಿ. ಎಲ್ಲಿಗೆ ಹ್ವಾದರೋ ಗೊತ್ತಿಲ್ಲ," ಎಂದ. ರಂಗ ಇದ್ದ ಜಾಗ ಯಾವುದು, ಮುಂದಿನ ಸಾಲು ಇದ್ದ ಜಾಗ ಯಾವುದು ಎಂದು ಅಂದಾಜು ಮಾಡುತ್ತ ಸ್ವಲ್ಪ ಹೊತ್ತು ನಿಂತೆ. ನಾಚಿಕೆಯಾಗಿ ಅಳಲೂ ಆಗಲಿಲ್ಲ, ಬಿಸಿಲು ಬೇರೆ.

ಅಲ್ಲಿಂದ ನೇರ ಬನಹಟ್ಟಿಗೆ ಹೋದೆ. ಮಗ್ಗಗಳು ನಡೆಯುತ್ತಿದ್ದವು. ಈ ಸಲ ಬಾಗಿಲಲ್ಲಿ ನಿಲ್ಲದೆ ನಾಲ್ಕನೆಯ ಮಗ್ಗದವರೆಗೆ ಹೋಗಿ ಅಪ್ಪನ ಎದುರಿಗೆ ನಿಂತೆ. ಕಿಟಕಿಯ ಬೆಳಕು ನನ್ನ ಮುಖದ ಮೇಲೆ ಬೀಳುವ ಹಾಗೆ ನಿಂತುಕೊಂಡೆ. ಅಪ್ಪ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. ಬೆಳಕು ಹುಡುಕಿ ನಿಂತದ್ದನ್ನು ನೋಡಿಯೇ ಅವನಿಗೆ ಎಲ್ಲ ತಿಳಿದಿರಬೇಕು.

"ಅವ್ವ ಹೇಳಿದಳೇನು?" ಎಂದು ತುಟಿ ಆಡಿಸಿದ.

ತಲೆಯಾಡಿಸಿದೆ. "ತಪ್ಪಾತಪಾ," ಎಂದೆ. ಮುಧೋಳಕ್ಕೆ ಹೋದದ್ದು, ಕಂಪನಿ ಎದ್ದದ್ದು, ಬೇರೆ ಊರಿನಲ್ಲಿ ಹಾಕಿದರೆ ಅಲ್ಲಿಗೇ ಕರೆದುಕೊಂಡು ಹೋಗುತ್ತೇನೆ ಎಂಬುದು, ಒಂದೊಂದಾಗಿ ದನಿಯಿಲ್ಲದೆ ಹೇಳಿದೆ. ಚಿಕ್ಕವಳಿದ್ದಾಗ ಶಾಲೆಯ ಕಥೆ ಹೇಳುತ್ತಿದ್ದೆನಲ್ಲ, ಹಾಗೆ. ಒಂದು ಅಕ್ಷರವೂ ಅವನಿಗೆ ತಪ್ಪಲಿಲ್ಲ. ಹೇಳುತ್ತಿರುವಾಗಲೇ ನನಗೆ ಹೊಳೆಯಿತು: ಇದೇ ಬಾಯಿಯಿಂದ, ಇದೇ ತರಹ, ಕೊನೆಯಿಂದ ಮೂರನೆಯ ಸಾಲಿನಲ್ಲಿ ಕೂತೂ ನಾನು ಅವನಿಗೆ ಇಡೀ ನಾಟಕ ಹೇಳಬಹುದಿತ್ತು. ಯಾರಿಗೂ ತೊಂದರೆಯಾಗುತ್ತಿರಲಿಲ್ಲ. ಆ ಥೇಟರಿನಲ್ಲಿ ಆ ವಿದ್ಯೆ ಇದ್ದವರು ನಾನು ಮತ್ತು ಅವ್ವ ಇಬ್ಬರೇ ಇರಬೇಕು. ಅವ್ವ ಅವನಿಂದ ಆಚೆ, ಕಂಬದ ನೆರಳಿನ ಕತ್ತಲಲ್ಲಿ ಕೂತಿದ್ದಳು. ಬೆಳಕಿದ್ದದ್ದು ನನ್ನ ಮುಖಕ್ಕೆ.

ಅಪ್ಪ ಕೈ ಬೀಸಿದ, ಇರಲಿ ಬಿಡು ಎಂಬ ಹಾಗೆ. ಮಗ್ಗ ನಿಲ್ಲಿಸಿದ. ಉಳಿದ ಮೂರು ನಡೆಯುತ್ತಲೇ ಇದ್ದವು. ಹಲಗೆಯ ಮೇಲೆ ಸರಿದು ಕೂತು, ಎರಡೂ ಕೈ ಮೊಣಕಾಲ ಮೇಲಿಟ್ಟು, ನಾಟಕದ ದಿನದ ಹಾಗೆಯೇ ಮುಂದಕ್ಕೆ ಬಾಗಿದ.

"ಕುರ್ಚಿ ಇರಲಿ. ಆ ಹಾಸ್ಯದವ ಬಾಗಲದಾಗ ನಿಂತು ಏನೋ ಅಂದ್ನಲ್ಲ, ಮಂದಿ ಬಿದ್ದ ಬಿದ್ದ ನಕ್ಕರಲ್ಲ? ಆಮ್ಯಾಲೆ ಹೇಳ್ತೇನಿ ಅಂದಿದ್ದೆಂತ, ಅವ್ವ ಅಂದ್ಲು. ಈಗ ಹೇಳು. ಏನಂದಾ?"

ನಾನು ಬಾಯಿ ತೆರೆದೆ. ಎರಡೂ ಕಿವಿ ಗಟ್ಟಿಯಿದ್ದವಳು ನಾನು, ಆ ಮಾತು ನನ್ನ ಕಿವಿಯ ಮೇಲೆ ಬಿದ್ದಿತ್ತು. ಆದರೆ ಆಗ ನಾನು ಅತ್ತೆಯ ಮುಖ ನೋಡುತ್ತಿದ್ದೆ. ಹಾಸ್ಯದವನು ಕೆಂಪು ಟವೆಲ್ಲು ಸುತ್ತಿದ್ದು ನೆನಪಾಯಿತು. ಅವನು ಅಂದದ್ದರಲ್ಲಿ ಒಂದು ಶಬ್ದವೂ ನೆನಪಾಗಲಿಲ್ಲ. ಅಪ್ಪ ನನ್ನ ತುಟಿ ನೋಡುತ್ತ ಕಾಯುತ್ತಿದ್ದ.

ಏನಾದರೂ ಹೇಳಲೇಬೇಕಿತ್ತು. ಹಾಸ್ಯದವನು ಹೆಂಡತಿ ರೊಟ್ಟಿ ಬಡಿಯುವ ಸದ್ದು ಕೇಳಿ, ಅದು ತನ್ನನ್ನೇ ಬಡಿಯಲು ಮಾಡುತ್ತಿರುವ ತಾಲೀಮು ಎಂದು ಬಾಗಿಲಲ್ಲೇ ನಿಂತುಬಿಟ್ಟ ಎಂದು ಆ ಗಳಿಗೆಯಲ್ಲಿ ಬಾಯಿಗೆ ಬಂದದ್ದನ್ನು ಕಟ್ಟಿ ಹೇಳಿದೆ. ಅಪ್ಪ ಕೊನೆಯ ಅಕ್ಷರದವರೆಗೆ ನನ್ನ ತುಟಿ ನೋಡಿದ. ಆಮೇಲೆ ನನ್ನ ಕಣ್ಣು ನೋಡಿದ.

ಸ್ವಲ್ಪ ತಡೆದು, ತಲೆ ಹಿಂದಕ್ಕೆ ಹಾಕಿ, ತೊಡೆ ತಟ್ಟಿ ನಕ್ಕ. ಆ ನಗು ನನಗೆ ಗೊತ್ತಿತ್ತು. ಏನೂ ತಿಳಿಯದಿದ್ದರೂ ಪಕ್ಕದಲ್ಲಿ ಕೂತವರಿಗೆ ಬೇಜಾರಾಗಬಾರದೆಂದು ಅವನು ಮುಧೋಳದ ಥೇಟರಿನಲ್ಲಿ ನಕ್ಕ ನಗು ಅದು. ನಕ್ಕು ಮುಗಿಸಿ ಮಗ್ಗದ ಕಡೆ ತಿರುಗಿ, ಹರಿದ ಎಳೆಯೊಂದನ್ನು ಹುಡುಕಿ ಗಂಟು ಹಾಕತೊಡಗಿದ.